ರಕ್ತದೊತ್ತಡದ ಸಮಗ್ರ ಚಿಕಿತ್ಸೆ: ಸರ್ಪಗಂಧದಿಂದ ಶವಾಸನದವರೆಗೆ

ಏರಿದ ರಕ್ತದೊತ್ತಡವನ್ನು ಹತೋಟಿಗೆ ತರಲು ಮಾತ್ರೆಯ ಜೊತೆಗೆ ಉಪ್ಪು, ತೂಕ, ನಡಿಗೆ, ನಿದ್ದೆ, ಉಸಿರು, ಮನಸ್ಸಿನ ನೆಮ್ಮದಿ ಇವೆಲ್ಲವನ್ನೂ ಒಟ್ಟಿಗೆ ನೋಡಿಕೊಳ್ಳುವ ಕ್ರಮವೇ ಸಮಗ್ರ ಚಿಕಿತ್ಸೆ. ‘ಜೊತೆಗೆ’ ಎಂಬುದು ಇಲ್ಲಿ ಮುಖ್ಯವಾದ ಮಾತು. ಈಚಿನ ವರ್ಷಗಳಲ್ಲಿ ಆ ಮಾತೇ ಉದುರಿಹೋಗಿ, ಮಾತ್ರೆ ಬಿಡಿಸುವುದೇ ಸಮಗ್ರ ಚಿಕಿತ್ಸೆ ಎಂಬ ಅರ್ಥ ಹಬ್ಬಿದೆ. ಈ ಕ್ಷೇತ್ರ ಬೆಳೆದುಬಂದ ಬಗೆಯಲ್ಲಿ ಅದಕ್ಕೆ ಆಧಾರವಿಲ್ಲ.

ಒತ್ತಡವನ್ನು ಅಳೆಯುವ ತೋಳುಪಟ್ಟಿಯನ್ನು ಇಟಲಿಯ ರಿವಾ-ರೋಚ್ಚಿ ರೂಪಿಸಿದ್ದು 1896ರಲ್ಲಿ. ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಮೇಲಿನ, ಕೆಳಗಿನ ಅಂಕಿಗಳನ್ನು ಗುರುತಿಸುವ ವಿಧಾನವನ್ನು ರಷ್ಯಾದ ಕೊರೊಟ್ಕಾಫ್ ತೋರಿಸಿದ್ದು 1905ರಲ್ಲಿ. ಅದಕ್ಕೂ ಹಿಂದಿನ ಆಯುರ್ವೇದ ಗ್ರಂಥಗಳಲ್ಲಿ ಈ ಹೆಸರಿನ ರೋಗ ಇಲ್ಲದಿರುವುದು ಸಹಜ. ರಕ್ತಗತ ವಾತವೇ ಇದು ಎಂದು ಕೆಲವು ವೈದ್ಯರು ಹೇಳುತ್ತಾರೆ, ಉಳಿದವರು ಒಪ್ಪುವುದಿಲ್ಲ. ರೋಗಿಯ ದೃಷ್ಟಿಯಿಂದ ಹೆಸರಿನ ಈ ಚರ್ಚೆ ಅಷ್ಟೇನೂ ಮುಖ್ಯವಲ್ಲ.

ಸರ್ಪಗಂಧದ ಕಥೆ ಮುಖ್ಯ. ಈ ಬೇರು ಒತ್ತಡ ಇಳಿಸುತ್ತದೆಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದರು. ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ ತಮ್ಮ 50 ರೋಗಿಗಳ ವಿವರವನ್ನು 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಕಣ್ಣು ತೆರೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಅದು ಮನಸ್ಸನ್ನು ಕುಗ್ಗಿಸುತ್ತದೆಂಬ ದೂರು ಬಂದು ಬಳಕೆ ಇಳಿಯಿತು. ಬೇರಿನ ಪುಡಿಯಲ್ಲಿರುವುದೂ ಇದೇ ರಾಸಾಯನಿಕ. ಪುಡಿಯಿಂದ ಪುಡಿಗೆ ಅದರ ಪ್ರಮಾಣ ಮಾತ್ರ ಬೇರೆ. ‘ಗಿಡಮೂಲಿಕೆ, ಅಡ್ಡಪರಿಣಾಮ ಇಲ್ಲ’ ಎಂದು ಅದನ್ನು ಮಾರುವುದು ತಪ್ಪು. ಕೆಮ್ಮಿಗೆ ಕೊಡುವ ಜ್ಯೇಷ್ಠಮಧು ಕೂಡ ದಿನವೂ ಹೆಚ್ಚು ತಿಂದರೆ ಒತ್ತಡ ಏರಿಸುತ್ತದೆ. ಕಾಡಿನಿಂದ ಕಿತ್ತು ಕಿತ್ತು ಸರ್ಪಗಂಧವೇ ಈಗ ಅಪರೂಪವಾಗಿದೆ.

ಈ ಕ್ಷೇತ್ರದ ಗಟ್ಟಿ ಅಧ್ಯಾಯ ಯೋಗದ್ದು, ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ 1930ರ ದಶಕದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ನಡೆಸಿದ ಯೋಗಶಾಲೆಯ ಒಲವು ಅಂಗಸಾಧನೆಯ ಕಡೆಗಿತ್ತು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಆಸನ ಮತ್ತು ಆಯುರ್ವೇದ ಎರಡನ್ನೂ ಹಳ್ಳಿಯವರ ಕೈಗೆ ಎಟಕಿಸಿದರು. ಅವರ ಶಿಬಿರಗಳ ಋಣ ಇನ್ನೂ ಸರಿಯಾಗಿ ದಾಖಲಾಗಿಲ್ಲ. ಪ್ರಯೋಗದ ಒರೆಗೆ ಹಚ್ಚಿದವರು ಮುಂಬಯಿಯ ಕೆ.ಕೆ. ದಾತೆ. 1969ರಲ್ಲಿ ಅವರು 47 ರೋಗಿಗಳಿಗೆ ಶವಾಸನ ಕಲಿಸಿದರು. ಹಲವರ ಒತ್ತಡ ಇಳಿಯಿತು, ಔಷಧಿ ತೆಗೆದುಕೊಳ್ಳುತ್ತಿದ್ದ ಅನೇಕರಿಗೆ ಅದರ ಪ್ರಮಾಣ ತಗ್ಗಿಸಲು ಸಾಧ್ಯವಾಯಿತು. ತಗ್ಗಿಸಿದ್ದು ವೈದ್ಯರು, ಪ್ರತಿ ಬಾರಿ ಅಳೆದು ನೋಡಿ. ಇಂಗ್ಲೆಂಡಿನ ವೈದ್ಯೆ ಚಂದ್ರಾ ಪಟೇಲ್ 1973ರಲ್ಲಿ 20 ರೋಗಿಗಳಲ್ಲಿ ಹೀಗೆಯೇ ಕಂಡರು. ಎಚ್.ಆರ್. ನಾಗೇಂದ್ರ ಮತ್ತು ಆರ್. ನಾಗರತ್ನಾ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ ಇಂಥ ಅಧ್ಯಯನವನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದರು. ಉಜಿರೆಯಲ್ಲಿ 1989ರಲ್ಲಿ ಪ್ರಕೃತಿ ಚಿಕಿತ್ಸಾ ಕಾಲೇಜು, ಹಾಸನದ ತಣ್ಣೀರುಹಳ್ಳದಲ್ಲಿ 1992ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಬಂದ ಮೇಲೆ ಬೇಲೂರು ಕಡೆಯ ರೋಗಿಗಳಿಗೂ ಈ ದಾರಿ ಹತ್ತಿರವಾಯಿತು. ಒತ್ತಡ ಹತೋಟಿಗೆ ಬಾರದವರಿಗೆ ಶೀರ್ಷಾಸನವನ್ನೂ ಉಸಿರು ಬಿಗಿಹಿಡಿಯುವ ಕುಂಭಕವನ್ನೂ ಹೇಳಿಕೊಡಬಾರದೆಂಬುದು ಬಲ್ಲ ಯೋಗಶಿಕ್ಷಕರ ನಿಯಮ.

ಊಟದ ವಿಚಾರದಲ್ಲಿ ದೊಡ್ಡ ಪುರಾವೆ ಹೊರಗಿನಿಂದ ಬಂತು. ಹಣ್ಣು, ತರಕಾರಿ, ಕೊಬ್ಬು ಕಡಿಮೆಯಿರುವ ಹಾಲು ಹೆಚ್ಚಿಸಿದ ಡ್ಯಾಶ್ ಆಹಾರಕ್ರಮವನ್ನು ಅಮೆರಿಕದಲ್ಲಿ 459 ಜನರ ಮೇಲೆ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದರು. ಒತ್ತಡ ಹೆಚ್ಚಿದ್ದವರಲ್ಲಿ ಮೇಲಿನ ಅಂಕಿ ಸುಮಾರು 11ರಷ್ಟು ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನದ ಉಪ್ಪು 5 ಗ್ರಾಮಿನೊಳಗಿರಬೇಕು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಬೇಲೂರು, ಅರಸೀಕೆರೆಯ ಅಡುಗೆಮನೆಗೆ ಇದನ್ನು ಹೊಂದಿಸುವುದು ಕಷ್ಟವಲ್ಲ. ರಾಗಿಮುದ್ದೆಗೆ ಬಹುಪಾಲು ಮನೆಗಳಲ್ಲಿ ಉಪ್ಪೇ ಬೀಳುವುದಿಲ್ಲ. ನುಗ್ಗೆಸೊಪ್ಪು, ಹುರುಳಿಕಾಳು, ಅರಸೀಕೆರೆಯ ಎಳನೀರು ಪೊಟ್ಯಾಸಿಯಂ ಕೊಡುತ್ತವೆ, ಅದು ದೇಹದ ಹೆಚ್ಚುವರಿ ಸೋಡಿಯಂ ಹೊರಹೋಗಲು ನೆರವಾಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಎಳನೀರಿಗೆ ಕೈ ಹಾಕಬಾರದು. ಉಪ್ಪು ಕೂರುವುದು ಸಾರಿನಲ್ಲಿ, ಉಪ್ಪಿನಕಾಯಿಯಲ್ಲಿ, ಹಪ್ಪಳ ಸಂಡಿಗೆಯಲ್ಲಿ, ಒಣಮೀನಿನಲ್ಲಿ, ಬೇಕರಿ ತಿಂಡಿಯಲ್ಲಿ. ಆದರೂ ಪಥ್ಯ ಹೇಳುವವರು ಮೊದಲು ಮುದ್ದೆಯನ್ನೇ ಬಿಡಿಸಿ ಓಟ್ಸ್ ಹಿಡಿಸುತ್ತಾರೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗಂಡಸರಲ್ಲಿ ಶೇ 24, ಹೆಂಗಸರಲ್ಲಿ ಶೇ 21ರಷ್ಟು ಮಂದಿಗೆ ಒತ್ತಡ ಹೆಚ್ಚಿತ್ತು, ಇಲ್ಲವೇ ಅವರು ಅದಕ್ಕೆ ಮಾತ್ರೆ ನುಂಗುತ್ತಿದ್ದರು. ಈ ಕಾಯಿಲೆ ಸದ್ದಿಲ್ಲದೆ ಬೆಳೆಯುತ್ತದೆ. 2025ರ ಮೇ–ಜೂನ್‌ನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ಸುದ್ದಿಯಾದಾಗ ಜನ ಗಾಬರಿಯಿಂದ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಸರ್ಕಾರದ ತಜ್ಞರ ಸಮಿತಿ ಹೃದಯಾಘಾತದಲ್ಲಿ ಅಸಹಜ ಏರಿಕೆ ಇಲ್ಲವೆಂದಿತು; ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಹಳೆಯ ಕಾರಣಗಳ ಕಡೆಗೇ ಬೊಟ್ಟು ಮಾಡಿತು. ಸಾಲು ಕರಗಿತು, ವರ್ಷವಿಡೀ ನಡೆಯಬೇಕಾದ ತಪಾಸಣೆಯ ಮಾತು ಹಿಂದೆ ಸರಿಯಿತು.

ಯೋಗದ ಪ್ರಯೋಗಗಳಲ್ಲಿ ಬಹುಪಾಲು ಕೆಲವು ವಾರ ಅಥವಾ ತಿಂಗಳುಗಳವು, ರೋಗಿಗಳ ಸಂಖ್ಯೆಯೂ ಸಣ್ಣದು. ಅವು ಅಂಕಿ ಇಳಿದದ್ದನ್ನು ತೋರಿಸುತ್ತವೆ, ಲಕ್ವ ತಪ್ಪಿತೇ ಎಂಬುದನ್ನಲ್ಲ. ಚೀನಾದಲ್ಲಿ 600 ಹಳ್ಳಿಗಳ ಸುಮಾರು 21,000 ಜನರನ್ನು ಐದು ವರ್ಷದಷ್ಟು ಕಾಲ ಹಿಂಬಾಲಿಸಿದ ಅಧ್ಯಯನ, ಪೊಟ್ಯಾಸಿಯಂ ಬೆರೆತ ಉಪ್ಪಿನಿಂದ ಲಕ್ವ ಶೇ 14ರಷ್ಟು ಕಡಿಮೆಯಾಯಿತೆಂದು 2021ರಲ್ಲಿ ತೋರಿಸಿತು. ಮಾತ್ರೆ, ಶವಾಸನ, ಕಡಿಮೆ ಉಪ್ಪಿನ ಸಾರು ಇವನ್ನು ಒಟ್ಟಿಗೆ ಅಷ್ಟು ಕಾಲ ಪರೀಕ್ಷಿಸಲು ಹೊಸ ಕಟ್ಟಡ ಬೇಕಿಲ್ಲ. ಹಾಸನ ನಗರದಲ್ಲಿ ವೈದ್ಯಕೀಯ ಕಾಲೇಜೂ ಇದೆ, ಆಯುರ್ವೇದ ಕಾಲೇಜೂ ಇದೆ. ಬೇಲೂರು ತಾಲ್ಲೂಕಿನ ಮನೆಮನೆಗೆ ಹೋಗಿಬರುವ ಆಶಾ ಕಾರ್ಯಕರ್ತೆಯರೂ ಇದ್ದಾರೆ.