ಬಸುರಿ ಕೇಳದೆ ಉಳಿಸಿದ ಮಾತು

ಮುದ್ದೇಬಿಹಾಳ ಸೀಮೆಯ ರಕ್ಕಸಗಿ, ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. 1565ರಲ್ಲಿ ವಿಜಯನಗರದ ಭಾಗ್ಯವನ್ನು ನಿರ್ಣಯಿಸಿದ ಯುದ್ಧಕ್ಕೆ ಆ ಹಳ್ಳಿಗಳ ಹೆಸರು ಅಂಟಿಕೊಂಡಿದೆ. ಆ ರಣದಲ್ಲಿ ಎಷ್ಟು ಆನೆ, ಎಷ್ಟು ಕುದುರೆ, ಎಷ್ಟು ಕಾಲಾಳು ಎಂದು ಚರಿತ್ರಕಾರರು ಇಂದಿಗೂ ವಾದಿಸುತ್ತಾರೆ. ಆದರೆ ಅದೇ ಹಳ್ಳಿಗಳ ಕತ್ತಲೆಯ ಕೋಣೆಗಳಲ್ಲಿ, ಶತಮಾನಗಳ ಉದ್ದಕ್ಕೂ, ಹಡೆಯಲಾರದೆ ಮಡಿದ ಹೆಂಗಸರೆಷ್ಟು ಎಂದು ಲೆಕ್ಕವಿಟ್ಟವರು ಯಾರು? ಅವರಿಗೆ ವೀರಗಲ್ಲು ನಿಲ್ಲಲಿಲ್ಲ. ‘ಹೆರಿಗೆಯೆಂದರೆ ಹೆಣ್ಣಿಗೆ ಮರುಜನ್ಮ’ ಎಂಬ ಒಂದು ಮಾತಿನಲ್ಲಿ ಅವರ ಇತಿಹಾಸವನ್ನೆಲ್ಲ ಮುಗಿಸಿಬಿಟ್ಟೆವು.

ನಾನು ಬರೆಯಹೊರಟಿರುವುದು ಆ ಇತಿಹಾಸದ ಒಂದು ಸಣ್ಣ ಮೂಲೆಯನ್ನು ಕುರಿತು. ಬಸುರಿಯಾದ ಹೆಂಗಸಿನ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಯಾವುವು? ಅವನ್ನು ಅವಳು ಯಾರ ಮುಂದೆ ಕೇಳಿದಳು, ಯಾರು ಉತ್ತರ ಕೊಟ್ಟರು? ಮುಖ್ಯವಾಗಿ, ಕೇಳದೆ ಉಳಿದುದರಿಂದ ಏನಾಯಿತು? ವಿಷಯ ಸಂಕೋಚದ್ದು. ಭಾನುವಾರದ ಕಾಫಿಯ ಹೊತ್ತಿಗೆ ಇದೇಕೆ ಎಂದು ಕೆಲವರಿಗೆ ಅನ್ನಿಸೀತು. ಆ ಸಂಕೋಚವೇ ನನ್ನ ಲೇಖನದ ವಸ್ತುವಾದುದರಿಂದ ಕ್ಷಮೆ ಕೇಳಲಾರೆ.

ನನ್ನ ಅಜ್ಜಿಯ ತವರು ಸಿಂದಗಿ ಕಡೆಯ ಒಂದು ಹಳ್ಳಿ. ಅವಳ ಅಕ್ಕನನ್ನು ಮುದ್ದೇಬಿಹಾಳದ ಕಡೆಗೆ ಕೊಟ್ಟಿದ್ದರು. ಸ್ವಾತಂತ್ರ್ಯಕ್ಕೂ ಹಿಂದಿನ ಮಾತು. ಏಳು ತಿಂಗಳಿಗೆ ಕುಬಸ ಮಾಡಿ, ಹಸಿರು ಸೀರೆ, ಹಸಿರು ಬಳೆ ತೊಡಿಸಿ, ಚೊಚ್ಚಲ ಹೆರಿಗೆಗೆಂದು ಅವಳನ್ನು ತವರಿಗೆ ಕರೆತಂದರು. ಒಂದು ರಾತ್ರಿ ಆಕೆ ತಂಗಿಯ ಕಿವಿಯಲ್ಲಿ, “ನನ್ನ ಕಾಲು ಬಾತಾವ, ತಲಿ ಸಿಡೀತೈತಿ, ಕಣ್ಣಾಗ ಕಿಡಿ ಹಾರಿದಂಗ ಆಗತೈತಿ. ಇದು ಹಿಂಗs ಇರತೈತೇನು?” ಎಂದು ಕೇಳಿದಳಂತೆ. ಹನ್ನೆರಡು ವರ್ಷದ ತಂಗಿಗೆ ಏನು ಗೊತ್ತು? “ಅವ್ವನ್ನ ಕೇಳು” ಎಂದಳು. “ಬ್ಯಾಡ, ಸಣ್ಣದಕ್ಕೂ ಒದರತಾಳ ಅಂದಾರು” ಎಂದು ಅಕ್ಕ ಬಾಯಿಗೆ ಕೈ ಇಟ್ಟಳು. ಮೂರನೆಯ ದಿನ ಅವಳಿಗೆ ಸೆಳವು ಬಂದಿತು. ಮನೆಯವರು ಗಾಳಿ ಸೋಂಕಿತೆಂದು ತಿಳಿದು ದೇವರು ಹೇಳುವವನನ್ನು ಕರೆಸಿದರು. ಕೊನೆಗೆ ಬಿಜಾಪುರದ ದವಾಖಾನೆಗೆಂದು ಬಂಡಿ ಹೂಡಿದರು. ಸಿಂದಗಿಯಿಂದ ಬಿಜಾಪುರಕ್ಕೆ ಸುಮಾರು 60 ಕಿಲೋಮೀಟರು. ಮಳೆಗಾಲದ ಎರೆಮಣ್ಣಿನಲ್ಲಿ ಗಾಲಿ ಹೂತು ನಿಂತಿತು. ಬಂಡಿ ಊರಿಗೆ ತಿರುಗಿ ಬಂದಾಗ ಅದರಲ್ಲಿದ್ದವಳು ಜೀವಂತವಿರಲಿಲ್ಲ.

ಅಜ್ಜಿ ತೊಂಬತ್ತು ದಾಟುವವರೆಗೂ ಈ ಕಥೆಯನ್ನು ಹೇಳುತ್ತಿದ್ದಳು. ಅದರಲ್ಲಿ ಅವಳಿಗೆ ನೋವು ಕೊಡುತ್ತಿದ್ದುದು ಬಂಡಿಯಲ್ಲ, ಮಳೆಯಲ್ಲ. “ಆಕಿ ನನ್ನನ್ನ ಕೇಳಿದ್ದಳು” ಎಂಬ ಒಂದು ಮಾತು.

ಇಂದಿನ ವೈದ್ಯರಿಗೆ ಆ ಪ್ರಶ್ನೆಯೇ ರೋಗದ ಹೆಸರನ್ನು ಹೇಳುತ್ತದೆ. ಬಸುರಿಯ ಕಾಲು ಸ್ವಲ್ಪ ಬಾಯುವುದು ಸಾಮಾನ್ಯ. ಆದರೆ ಬಾವಿನೊಡನೆ ತಲೆಸಿಡಿತ, ಕಣ್ಣು ಮಂಜಾಗುವುದು, ಕಿಡಿ ಹಾರಿದಂತಾಗುವುದು ಸೇರಿದರೆ ರಕ್ತದ ಒತ್ತಡ ಮೇರೆ ಮೀರಿದೆಯೆಂದು ಶಂಕಿಸಬೇಕು. ಅಲ್ಲಿಂದ ಸೆಳವಿಗೆ ದೂರವಿಲ್ಲ. ಮೆಗ್ನೀಸಿಯಮ್ ಸಲ್ಫೇಟ್ ಎಂಬ ಅಗ್ಗದ ಉಪ್ಪಿನ ಚುಚ್ಚುಮದ್ದು ಈ ಸೆಳವಿನ ಅಪಾಯವನ್ನು ಅರ್ಧಕ್ಕಿಂತ ಕಡಿಮೆ ಮಾಡುತ್ತದೆಂದು 33 ದೇಶಗಳ ಸುಮಾರು 10,000 ಹೆಂಗಸರಲ್ಲಿ ನಡೆದ ಪರೀಕ್ಷೆ 2002ರಲ್ಲಿ ಸಿದ್ಧಪಡಿಸಿತು. ನಮ್ಮ ಅಜ್ಜಿಯ ಅಕ್ಕನ ಸಂಶಯ ಅಜ್ಞಾನವಾಗಿರಲಿಲ್ಲ. ಅದು ದೇಹವೇ ಕಳಿಸಿದ ಓಲೆಯಾಗಿತ್ತು. ಓದಬಲ್ಲವರು ಹತ್ತಿರದಲ್ಲಿರಲಿಲ್ಲ, ಇಷ್ಟೆ.

ಬಸುರಿಯ ಚಿಂತೆ ನಮ್ಮ ಕಡೆಯ ಪುರಾಣದಲ್ಲಿಯೂ ಇದೆ. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ, ತಾಯಿ ಮಾದಲಾಂಬಿಕೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಆಕೆ ಮೂರು ವರ್ಷ ಗರ್ಭವನ್ನು ಹೊತ್ತಳೆಂದೂ, ಭಾರ ತಾಳಲಾರದೆ ದೇವರ ಮುಂದೆ ಗೋಳಿಟ್ಟಳೆಂದೂ ಕಥೆ ಬರುತ್ತದೆ. ಭೀಮಕವಿ 1369ರಲ್ಲಿ ಆ ಪುರಾಣವನ್ನು ಕನ್ನಡಕ್ಕೆ ತಂದನು. ಪುರಾಣಕಾರರಿಗೆ ಇದು ಮಹಿಮೆಯ ಸಂಗತಿ. ಆದರೆ ದಿನ ತುಂಬಿಯೂ ಬೇನೆ ಬಾರದ ಯಾವ ಹೆಂಗಸು ಈ ಭಾಗವನ್ನು ಕೇಳಿದರೂ ಮಹಿಮೆಗಿಂತ ಮೊದಲು ಆ ತಾಯಿಯ ದಿಗಿಲು ಅವಳಿಗೆ ತಿಳಿಯುತ್ತದೆ. ಮಾದಲಾಂಬಿಕೆಗೂ ಕೇಳಲು ಇನ್ನಾರೂ ಇರಲಿಲ್ಲ. ಗುಡಿಗೆ ಹೋಗಿ ದೇವರನ್ನೇ ಕೇಳಬೇಕಾಯಿತು.

ಆ ತಾಯಿಯ ಮಗ ಮತ್ತು ಅವನ ಸಂಗಡಿಗರು ಹನ್ನೆರಡನೆಯ ಶತಮಾನದಲ್ಲಿ ಸೂತಕವನ್ನೇ ನಿರಾಕರಿಸಿದರು. ಶರಣರು ಒಲ್ಲೆವೆಂದ ಐದು ಸೂತಕಗಳಲ್ಲಿ ಜನನದ ಸೂತಕವೂ ಒಂದು, ರಜಸ್ಸಿನ ಸೂತಕವೂ ಒಂದು. ಹಡೆದ ಹೆಂಗಸು ಮುಟ್ಟಬಾರದವಳಲ್ಲ ಎಂದು ಸಾರಿದ ನೆಲ ನಮ್ಮದು. ಆದರೂ ಬಾಣಂತಿಯ ಕೋಣೆಯ ಕತ್ತಲೆ ಹೋಗಲಿಲ್ಲ. ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡವಿಟ್ಟು, ಹೊಗೆಯಲ್ಲಿ ತಾಯಿ ಮಕ್ಕಳನ್ನು ಕೂಡಿಸುವ ರೂಢಿ ಲಿಂಗವಂತರ ಮನೆಗಳಲ್ಲಿಯೂ ಉಳಿಯಿತು. ಐದನೆಯ ರಾತ್ರಿ ಸೆಟವಿತಾಯಿ ಬಂದು ಮಗುವಿನ ಹಣೆಬರಹ ಬರೆಯುತ್ತಾಳೆಂಬ ನಂಬಿಕೆಯೂ ಉಳಿಯಿತು. ಆ ದಿನಗಳಲ್ಲಿ ಕೂಸಿಗೆ ಧನುರ್ವಾಯು ಬಂದು ದವಡೆ ಕಚ್ಚಿ ಸತ್ತರೆ ಅದೇ ಹಣೆಬರಹವೆಂದು ಅತ್ತು ಸುಮ್ಮನಾಗುತ್ತಿದ್ದರು. ಹೊಕ್ಕಳಹುರಿಯನ್ನು ಕೊಯ್ದ ಕುಡುಗೋಲಿನಲ್ಲಿ, ಗಾಯಕ್ಕೆ ಮೆತ್ತಿದ ಬೂದಿ ಸೆಗಣಿಯಲ್ಲಿ ಆ ಬರಹ ಇತ್ತೆಂದು ತಿಳಿಯಲು ಬಹುಕಾಲ ಬೇಕಾಯಿತು. ಬಸುರಿಯರಿಗೆ ಚುಚ್ಚುಮದ್ದು ಕೊಟ್ಟು, ಸ್ವಚ್ಛ ಅಲಗನ್ನು ಬಳಸಿ, ಭಾರತ ಈ ಪಿಡುಗನ್ನು ನಿವಾರಿಸಿದೆಯೆಂದು ಘೋಷಣೆಯಾದದ್ದು 2015ರಲ್ಲಿ.

ಹಾಗೆಂದು ಸೂಲಗಿತ್ತಿಯನ್ನು ಹಳಿಯುವುದು ಸುಲಭ, ನ್ಯಾಯವಲ್ಲ. ಅನೇಕ ಊರುಗಳಲ್ಲಿ ಅವಳು ಕೆಳಜಾತಿಯವಳೆನಿಸಿಕೊಂಡವಳು. ಉಳಿದ ದಿನಗಳಲ್ಲಿ ಹೊಸ್ತಿಲಾಚೆ ನಿಲ್ಲುತ್ತಿದ್ದ ಆ ಕೈಗಳೇ ಮಗುವನ್ನು ಮೊಟ್ಟಮೊದಲು ಮುಟ್ಟುತ್ತಿದ್ದವು. ನಾಚಿಕೆಯ ಪ್ರಶ್ನೆಗಳನ್ನು ಕೇಳಬಹುದಾದ ಕಿವಿ ಊರಿನಲ್ಲಿ ಅವಳದೊಂದೇ. ಹಡೆಯುವ ಹೊತ್ತಿನಲ್ಲಿ ಮೈಮೇಲಿನ ಹತೋಟಿ ತಪ್ಪಿ ಹೇಸಿಗೆಯಾದರೆ ಏನು ಗತಿ? ಇದು ಬಹುಶಃ ಎಲ್ಲ ಹೆಂಗಸರ ಮನಸ್ಸಿನಲ್ಲಿರುವ, ಯಾರೂ ಬಾಯಿ ಬಿಟ್ಟು ಆಡದ ಭಯ. ಕೂಸಿನ ತಲೆ ಕೆಳಗಿಳಿಯುವಾಗ ಹಿಂದಿನ ಕರುಳನ್ನು ಒತ್ತುತ್ತದೆ, ಆದ್ದರಿಂದ ಹಾಗಾಗುವುದು ಸಹಜ, ಮುಕ್ಕುವುದು ಸರಿಯಾಗಿ ನಡೆದಿದೆ ಎಂಬುದರ ಗುರುತು ಎಂದು ಇಂದು ಪುಸ್ತಕಗಳು ಹೇಳುತ್ತವೆ. ಸೂಲಗಿತ್ತಿ ಪುಸ್ತಕ ಓದಿರಲಿಲ್ಲ. ಒಂದು ಅರಿವೆಯಿಂದ ಒರೆಸಿ, “ಇರಲಿ ತಂಗಿ, ಇನ್ನೊಂದು ಬ್ಯಾನಿ” ಎಂದಷ್ಟೇ ಹೇಳುತ್ತಿದ್ದಳು. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿಯದು. ಪಾವಗಡದ ಸೂಲಗಿತ್ತಿ ನರಸಮ್ಮನವರು ಇಂಥ ಕೈಗಳಿಂದಲೇ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ದೊಡ್ಡ ದವಾಖಾನೆಯ ಡಾಕ್ತರರಿಗಿಂತ ಸೂಲಗಿತ್ತಿಯೇ ಮೇಲೆಂದು ನಂಬಿದವರು ನಮ್ಮವರು ಮಾತ್ರವಲ್ಲ. ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಒಂದರಲ್ಲಿ ವೈದ್ಯರೂ ವಿದ್ಯಾರ್ಥಿಗಳೂ, ಇನ್ನೊಂದರಲ್ಲಿ ಸೂಲಗಿತ್ತಿಯರು. ಮೊದಲನೆಯದಕ್ಕೆ ತಮ್ಮನ್ನು ಕಳಿಸಬೇಡಿರೆಂದು ಬಸುರಿಯರು ಮೊಣಕಾಲೂರಿ ಬೇಡುತ್ತಿದ್ದರು. ಬಡ ಹೆಂಗಸರ ಮೂಢಭೀತಿಯೆಂದು ಪಂಡಿತರು ನಕ್ಕರು. ಆದರೆ 1846ರ ಲೆಕ್ಕ ನೋಡಿದರೆ ವೈದ್ಯರ ವಿಭಾಗದಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ತಾಯಂದಿರು ಸತ್ತಿದ್ದರು, ಸೂಲಗಿತ್ತಿಯರ ವಿಭಾಗದಲ್ಲಿ 3ಕ್ಕಿಂತ ಕಡಿಮೆ. ಹೆಣ ಕೊಯ್ದ ಕೈಗಳಿಂದಲೇ ವೈದ್ಯರು ಹೆರಿಗೆಗೆ ಬರುತ್ತಿರುವುದು ಇದಕ್ಕೆ ಕಾರಣವೆಂದು ಕಂಡ ಸೆಮ್ಮೆಲ್‌ವೈಸ್ 1847ರಲ್ಲಿ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಲು ಕಟ್ಟುನಿಟ್ಟು ಮಾಡಿದನು. ಸಾವು ಇಳಿಯಿತು. ಆದರೂ ಅವನ ಮಾತನ್ನು ಬಹುಜನ ವೈದ್ಯರು ಒಪ್ಪಲಿಲ್ಲ. ಅವನು 1865ರಲ್ಲಿ ಮನೋರೋಗಿಗಳ ಆಸ್ಪತ್ರೆಯಲ್ಲಿ ಸತ್ತನು. ಬಸುರಿಯರ ಭಯಕ್ಕೆ ಮೊದಲೇ ಕಿವಿಗೊಟ್ಟಿದ್ದರೆ ಎಷ್ಟು ತಾಯಂದಿರು ಉಳಿಯುತ್ತಿದ್ದರೋ!

ನಮ್ಮಲ್ಲಿ ಇನ್ನೊಂದು ತೊಡಕಿತ್ತು. ಗಂಡಸು ಡಾಕ್ತರನ ಮುಂದೆ ಹೇಗೆ ಮಲಗುವುದು? ಪನ್ನಾ ಸಂಸ್ಥಾನದ ಮಹಾರಾಣಿ 1881ರಲ್ಲಿ ಮಿಸ್ ಬೀಲ್ಬಿ ಎಂಬ ವೈದ್ಯೆಯ ಮೂಲಕ ವಿಕ್ಟೋರಿಯಾ ರಾಣಿಗೆ ಭಾರತದ ಹೆಂಗಸರ ಸಂಕಟವನ್ನು ತಿಳಿಸಿ ಓಲೆ ಕಳಿಸಿದಳು. 1885ರಲ್ಲಿ ವೈಸರಾಯರ ಪತ್ನಿ ಲೇಡಿ ಡಫರಿನ್ ಹೆಂಗಸರಿಗೆ ಹೆಂಗಸರಿಂದಲೇ ವೈದ್ಯಸಹಾಯ ಒದಗಿಸುವ ನಿಧಿಯನ್ನು ಸ್ಥಾಪಿಸಿದಳು. ಆಗ ನಮ್ಮ ಜಿಲ್ಹೆ ಸೇರಿದ್ದ ಮುಂಬಯಿ ಪ್ರಾಂತದ ಆನಂದಿಬಾಯಿ ಜೋಶಿ, ತನ್ನ ಹದಿನಾಲ್ಕನೆಯ ವಯಸ್ಸಿನಲ್ಲಿ ಹಡೆದ ಕೂಸನ್ನು ಹತ್ತೇ ದಿನಗಳಲ್ಲಿ ಕಳೆದುಕೊಂಡವಳು. ಆಕೆ ಅಮೇರಿಕೆಗೆ ಹೋಗಿ 1886ರಲ್ಲಿ ವೈದ್ಯಪದವಿ ಪಡೆದಳು. ಮರುವರ್ಷವೇ, ಇಪ್ಪತ್ತೆರಡು ತುಂಬುವ ಮೊದಲೇ ತೀರಿಕೊಂಡಳು. ಇವೆಲ್ಲ ನಗರಗಳ ಕಥೆ. ಇಂಡಿ, ಸಿಂದಗಿಗಳ ಹಳ್ಳಿಗಳಿಗೆ ಅದರ ಸುದ್ದಿ ಬಂದಿತೇ ಹೊರತು ಡಾಕ್ತರಿಣಿ ಬರಲಿಲ್ಲ. 1884ರಲ್ಲಿ ಹೋಟಗಿ–ಗದಗ ರೈಲು ಬಂದ ಮೇಲೆ ಇಂಡಿ ಕಡೆಯ ಅನುಕೂಲಸ್ಥರಿಗೆ ಸೊಲ್ಲಾಪುರದ ದಾರಿ ತೆರೆಯಿತು. ಉಳಿದವರಿಗೆ ಬಂಡಿ, ಎರೆಮಣ್ಣು. ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ದೇಶದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಹೆಂಗಸರು ಬಸಿರು ಬಾಣಂತನಗಳ ಕಾರಣದಿಂದ ಸಾಯುತ್ತಿದ್ದರೆಂದು ಅಂದಾಜು ಮಾಡಿತು.

ಉತ್ತರವಿಲ್ಲದ ಆ ಕಾಲದಲ್ಲಿ ಪ್ರಶ್ನೆಗಳು ಎಲ್ಲಿ ಹೋದವು? ಕೆಲವು ಬೀಸುಕಲ್ಲಿಗೆ ಹೋದವು. ಇಂಡಿ ತಾಲೂಕಿನದಾಗಿದ್ದ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದವರು, ಮನೆಮನೆಯ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಅದನ್ನು ನಾವು ಕಾವ್ಯವೆಂದು ಮೆಚ್ಚಿದೆವು. ಮೆಚ್ಚತಕ್ಕುದೇ. ಆದರೆ ನಾನು ಅದನ್ನು ದಾಖಲೆಯೆಂದೂ ಓದುತ್ತೇನೆ. ತವರಿನ ಹಂಬಲ, ತೊಟ್ಟಿಲ ಆಸೆ, ಬಂಜೆಯೆನಿಸಿಕೊಂಡವಳ ಬೇಗುದಿ, ಇವನ್ನು ಸೊಸೆಯೊಬ್ಬಳು ಅತ್ತೆಯ ಮುಂದೆ ಮಾತಿನಲ್ಲಿ ಆಡಲಾರಳು. ಬೆಳಗಿನ ಜಾವ ಬೀಸುವಾಗ ಹಾಡಬಲ್ಲಳು. ಹಾಡಿಗೆ ಯಾರೂ ‘ಏಕೆ ಒದರುತ್ತಿ’ ಎನ್ನುವುದಿಲ್ಲ.

ಹಾಡಿನಿಂದ ಅಚ್ಚಿನ ಪುಟಕ್ಕೆ ಈ ಪ್ರಶ್ನೆಗಳನ್ನು ತಂದವರಲ್ಲಿ ಡಾಕ್ಟರ್ ಅನುಪಮಾ ನಿರಂಜನ ಅವರ ಹೆಸರನ್ನು ಕೃತಜ್ಞತೆಯಿಂದ ನೆನೆಯಬೇಕು. 1934ರಲ್ಲಿ ಹುಟ್ಟಿ 1991ರಲ್ಲಿ ತೀರಿದ ಈ ವೈದ್ಯೆ, ಕಾದಂಬರಿಗಳ ಜೊತೆಗೆ ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ಯಂಥ ಪುಸ್ತಕಗಳನ್ನು ಬರೆದರು. ಬಸುರಿನಲ್ಲಿ ಏನಾಗುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬಾರದು ಎಂಬುದನ್ನು ಮನೆಯ ಕನ್ನಡದಲ್ಲಿ ಓದಲು ಸಿಕ್ಕಿತು. ಎಷ್ಟೋ ಮನೆಗಳಲ್ಲಿ ಇಂಥ ಪುಸ್ತಕಗಳನ್ನು ಸೀರೆಗಳ ಮಡಿಕೆಯ ಒಳಗೆ ಇಡುತ್ತಿದ್ದರು. ನಮ್ಮ ಮನೆಯ ಪ್ರತಿ ನನ್ನ ತಾಯಿಯ ಟ್ರಂಕಿನ ತಳದಲ್ಲಿತ್ತು.

ಕಾಲ ಬದಲಾಗಿದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದಿತು. ಅದೇ ಕಾಲಕ್ಕೆ ಆಶಾ ಕಾರ್ಯಕರ್ತೆಯರು ಬಂದರು. 2008ರಲ್ಲಿ 108ರ ಗಾಡಿ ರಸ್ತೆಗಿಳಿಯಿತು. ಕರ್ನಾಟಕದಲ್ಲಿ 2005–06ರ ಸಮೀಕ್ಷೆಯಂತೆ ನೂರರಲ್ಲಿ ಸುಮಾರು 65 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019–21ಕ್ಕೆ ಅದು 97ಕ್ಕೆ ಏರಿತು. ಲಕ್ಷ ಜೀವಂತ ಜನನಗಳಿಗೆ 2001–03ರಲ್ಲಿ 228 ತಾಯಂದಿರು ಸಾಯುತ್ತಿದ್ದರು, 2018–20ರಲ್ಲಿ 69. ಇದು ಸಣ್ಣ ಸಾಧನೆಯಲ್ಲ. ಎರೆಮಣ್ಣಿನಲ್ಲಿ ಹೂತ ಆ ಬಂಡಿಯನ್ನು ನೆನೆದವನಿಗೆ ಈ ಅಂಕಿಗಳು ಬರಿಯ ಅಂಕಿಗಳಾಗಿ ಕಾಣುವುದಿಲ್ಲ.

ಆದರೆ ಬಂಡಿಯ ಸಮಸ್ಯೆ ಬಗೆಹರಿದಷ್ಟು ಕಿವಿಯ ಸಮಸ್ಯೆ ಬಗೆಹರಿದಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ನಿಂತ ಹೆಂಗಸಿಗೆ ಎರಡು ನಿಮಿಷ ಸಿಕ್ಕರೆ ಭಾಗ್ಯ. ಒತ್ತಡ ಅಳೆದು, ಗುಳಿಗೆ ಬರೆದು, ಮುಂದಿನವಳನ್ನು ಕರೆಯುತ್ತಾರೆ. ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಶಸ್ತ್ರಕ್ರಿಯೆಯಿಂದ ಆಗುತ್ತಿವೆಯೆಂದು ಅದೇ 2019–21ರ ಸಮೀಕ್ಷೆ ಹೇಳಿತು. ‘ನನಗೆ ಅದು ನಿಜವಾಗಿಯೂ ಬೇಕೇ?’ ಎಂದು ಕೇಳಲು ಎಷ್ಟು ಜನರಿಗೆ ಧೈರ್ಯವಿದೆ? ಇಂಡಿ ಸಿಂದಗಿಗಳಿಂದ ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಮಹಾರಾಷ್ಟ್ರ ಗೋವೆಗಳಿಗೆ ಗುಳೆ ಹೋಗುವ ಬಸುರಿಗೆ ಕನ್ನಡದಲ್ಲಿ ಕೇಳಿಸಿಕೊಳ್ಳುವ ದಾದಿಯೂ ಸಿಗುವುದು ಕಷ್ಟ. ಹೆರಿಗೆಯ ಕೋಣೆಯಲ್ಲಿ ತನ್ನವಳೊಬ್ಬಳು ಜೊತೆಗಿರಲೆಂದು ಕೇಂದ್ರ ಸರಕಾರ 2016ರಲ್ಲಿ ಸರಕಾರಿ ಆಸ್ಪತ್ರೆಗಳಿಗೆ ಒಪ್ಪಿಗೆ ಕೊಟ್ಟಿತು. ಸೂಲಗಿತ್ತಿಯ ಕಾಲದಲ್ಲಿ ಕೇಳದೆಯೇ ಇದ್ದುದನ್ನು ನಾವು ಆಜ್ಞೆಯ ಮೂಲಕ ಮರಳಿ ಪಡೆಯಬೇಕಾಯಿತು!

ಈ ಪುಟವನ್ನು ಓದುವ ಮನೆಯಲ್ಲಿ ಒಬ್ಬ ಬಸುರಿ ಇರಬಹುದು. ಅವಳು ಏನಾದರೂ ಕೇಳಿದರೆ, ಅದು ಎಷ್ಟೇ ನಾಚಿಕೆಯದಾಗಲಿ, ಎಷ್ಟೇ ಸಣ್ಣದಾಗಲಿ, ನಗಬೇಡಿರಿ. ‘ಎಲ್ಲರೂ ಹಡೆಯುವುದಿಲ್ಲವೇ?’ ಎನ್ನಬೇಡಿರಿ. ತಿಳಿಯದಿದ್ದರೆ ತಿಳಿದವರ ಹತ್ತಿರ ಕರೆದುಕೊಂಡು ಹೋಗಿರಿ. ಕಾಲು ಬಾತಿದೆ, ತಲೆ ಸಿಡಿಯುತ್ತಿದೆ ಎಂದರೆ ಅದೇ ರಾತ್ರಿ ಹೋಗಿರಿ. ಹನ್ನೆರಡು ವರ್ಷದ ತಂಗಿಯೊಬ್ಬಳು ಆ ಮಾತನ್ನು ಎಂಬತ್ತು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದುದನ್ನು ನಾನು ಕಂಡಿದ್ದೇನೆ.