ಟ್ರ್ಯಾಕರ್

ಧ್ವನಿಯ ಕಿರುತುಣುಕುಗಳನ್ನು (ಸ್ಯಾಂಪಲ್) ಕೋಷ್ಟಕದಲ್ಲಿ ಜೋಡಿಸಿ ಕಂಪ್ಯೂಟರಿನಲ್ಲಿ ಸಂಗೀತ ರಚಿಸುವ ತಂತ್ರಾಂಶ. ಈ ಬಗೆಗೆ ಹೆಸರು ತಂದುಕೊಟ್ಟ ಅಲ್ಟಿಮೇಟ್ ಸೌಂಡ್‌ಟ್ರ್ಯಾಕರನ್ನು ಜರ್ಮನಿಯ ಕಾರ್ಸ್ಟನ್ ಒಬಾರ್ಸ್ಕಿ ಕಮೊಡೋರ್ ಅಮೀಗಾ ಕಂಪ್ಯೂಟರಿಗಾಗಿ ರೂಪಿಸಿದರು. 1987ರಲ್ಲಿ ಅದು ಮಾರುಕಟ್ಟೆಗೆ ಬಂತು.

ರಚನೆ: ಅಮೀಗಾದ ಧ್ವನಿ ಚಿಪ್ ಏಕಕಾಲಕ್ಕೆ ನಾಲ್ಕು ಧ್ವನಿಗಳನ್ನು ನುಡಿಸುತ್ತಿದ್ದುದರಿಂದ ಕೋಷ್ಟಕದಲ್ಲೂ ನಾಲ್ಕು ಕಂಬಸಾಲುಗಳಿದ್ದವು. ಕಾಲ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಪ್ರತಿ ಮನೆಯಲ್ಲಿ ಸ್ವರ, ಸ್ಯಾಂಪಲ್ಲಿನ ಸಂಖ್ಯೆ, ಧ್ವನಿಮಟ್ಟ ಅಥವಾ ಕಂಪನವನ್ನು ಬದಲಿಸುವ ಸಂಕೇತ ಇರುತ್ತವೆ. 64 ಸಾಲುಗಳ ಇಂಥ ಒಂದು ಹಾಳೆಗೆ ಪ್ಯಾಟರ್ನ್ ಎಂದು ಹೆಸರು. ಪ್ಯಾಟರ್ನ್‌ಗಳನ್ನು ಬೇಕಾದ ಕ್ರಮದಲ್ಲಿ ಪೋಣಿಸಿದರೆ ಹಾಡು ಸಿದ್ಧ. ಇಡೀ ಹಾಡಿನ ಧ್ವನಿಮುದ್ರಣದ ಬದಲು ಸ್ಯಾಂಪಲ್‌ಗಳೂ ಸ್ವರಲಿಪಿಯೂ ಮಾತ್ರ ಒಂದೇ ಮಾಡ್ (ಮಾಡ್ಯೂಲ್) ಕಡತದಲ್ಲಿ ಅಡಕವಾಗುವುದರಿಂದ ಅದರ ಗಾತ್ರ ಕಿರಿದು.

ಗೇಮ್‌ಗಳಲ್ಲಿ ಬಳಕೆ: ಸನ್ನಿವೇಶ ಬದಲಾದೊಡನೆ ಹಾಡಿನ ಬೇರೊಂದು ಭಾಗಕ್ಕೆ ಜಿಗಿಯಲು ಸಾಧ್ಯವಿರುವುದು ಟ್ರ್ಯಾಕರ್ ಸಂಗೀತದ ಅನುಕೂಲ. ಅನ್‌ರಿಯಲ್ (1998), ಡಿಯಸ್ ಎಕ್ಸ್ (2000) ಗೇಮ್‌ಗಳ ಸಂಗೀತ ಈ ಮಾದರಿಯದು.

ಕಲಿಕೆ: ಓಪನ್‌ಎಂಪಿಟಿ, ಮಿಲ್ಕಿಟ್ರ್ಯಾಕರ್ ಎಂಬ ಟ್ರ್ಯಾಕರ್‌ಗಳು ಉಚಿತವಾಗಿ ದೊರೆಯುತ್ತವೆ. ಒಂದು ತಾಳವಾದ್ಯ, ಒಂದು ಮಂದ್ರ ಧ್ವನಿ, ಒಂದು ರಾಗದ ಎಳೆ ಇಷ್ಟರಿಂದಲೇ ಮೊದಲ ಪ್ಯಾಟರ್ನ್ ರಚಿಸಬಹುದು. ಗೇಮಿನಲ್ಲಿ ಸಂಗೀತ ಮತ್ತೆ ಮತ್ತೆ ಆವರ್ತಿಸುವುದರಿಂದ ಕೊನೆಯ ಸಾಲು ಮೊದಲಿನದಕ್ಕೆ ತಡೆಯಿಲ್ಲದೆ ಕೂಡಬೇಕು. ಹಾಡನ್ನು ಸಾಮಾನ್ಯ ಧ್ವನಿ ಕಡತವಾಗಿ ಪರಿವರ್ತಿಸುವಾಗಲೂ ಇದನ್ನು ಗಮನಿಸಬೇಕು: ಎಂಪಿ3 ಕಡತದ ಆದಿ ಅಂತ್ಯಗಳಲ್ಲಿ ಸಾಮಾನ್ಯವಾಗಿ ಕ್ಷಣಿಕ ಮೌನ ಸೇರಿಕೊಳ್ಳುವ ಕಾರಣ, ಆವರ್ತಿಸುವ ಸಂಗೀತವನ್ನು ವೇವ್ ಅಥವಾ ಆಗ್ ರೂಪದಲ್ಲಿ ಉಳಿಸುವುದು ವಾಡಿಕೆ.