ಸೋಣೆ ಹೂವು ಒಣಗಿಸಿದವರು

ನಮ್ಮ ಬಚ್ಚಲೊಲೆಯ ಮೇಲೆ ಬಿದಿರಿನ ಒಂದು ಅಟ್ಟಣಿಗೆ ಇತ್ತು. ಆಷಾಢ ಹಿಡಿದು ಭಾದ್ರಪದ ಕಳೆಯುವವರೆಗೆ ಮನೆಮಂದಿಯ ಬಟ್ಟೆಯೆಲ್ಲ ಅದರ ಮೇಲೇ ಒಣಗಬೇಕು. ಹೊಗೆ ವಾಸನೆಯ ಲಂಗ ತೊಟ್ಟೇ ಶಾಲೆಗೆ ಹೋದವರು ನಾವು. 1981ರ ಆಗಸ್ಟಿನಲ್ಲಿ ಆ ಅಟ್ಟಣಿಗೆಯಲ್ಲಿ, ಅಪ್ಪನ ಕಂಬಳಿಗೂ ತಮ್ಮನ ಚಡ್ಡಿಗೂ ನಡುವೆ ಜಾಗ ಮಾಡಿಕೊಂಡು, ನನ್ನ ಗಿಡಗಳ ಪ್ರೆಸ್ ಇಟ್ಟೆ. ಪ್ರೆಸ್ ಅಂದರೆ ದೊಡ್ಡ ಯಂತ್ರವೇನಲ್ಲ. ಎರಡು ಮರದ ಚೌಕಟ್ಟು, ನಡುವೆ ಹಳೆಯ ಪೇಪರು, ಪೇಪರಿನ ಪ್ರತಿ ಮಡಿಕೆಯೊಳಗೆ ಒಂದೊಂದು ಗಿಡ, ಸುತ್ತ ಬಿಗಿದ ಎರಡು ಬೆಲ್ಟು. ಎಂ.ಎಸ್ಸಿ. ಮುಗಿಸಬೇಕಾದರೆ ಒಣಗಿಸಿದ ಗಿಡಗಳ ಹಾಳೆಗಳನ್ನು ಒಪ್ಪಿಸಬೇಕಿತ್ತು, ರಜೆಗೆ ಬಂದವಳು ಸಕಲೇಶಪುರದ ನಮ್ಮೂರ ಗದ್ದೆ ಬದುವಿನಲ್ಲಿ ಮೂರು ದಿನ ನೆನೆದು ಗಿಡ ಕಿತ್ತಿದ್ದೆ.

ನಾಲ್ಕನೆಯ ಬೆಳಗ್ಗೆ ಅಜ್ಜಿ ಅಭ್ಯಂಜನಕ್ಕೆಂದು ಒಲೆಗೆ ಎರಡು ಕುಂಟೆ ಹೆಚ್ಚಿಗೆ ತುರುಕಿದಳು. ಸಂಜೆ ಬೆಲ್ಟು ಬಿಚ್ಚಿ ನೋಡಿದರೆ ಕೆಳಗಿನ ಅರ್ಧ ಸುಟ್ಟ ಹಪ್ಪಳ, ಮೇಲಿನ ಅರ್ಧಕ್ಕೆ ಬೂಸ್ಟು. ಒಂದೇ ಕಟ್ಟಿನೊಳಗೆ ಕರಕಲೂ ಕೊಳೆತವೂ ಅಕ್ಕಪಕ್ಕ! ನಡುವಿನ ಆರು ಹಾಳೆ ಮಾತ್ರ ಉಳಿದವು. ತಪ್ಪು ಅಜ್ಜಿಯದಲ್ಲ, ಪೇಪರನ್ನು ದಿನಾ ಬದಲಾಯಿಸದ ನನ್ನದೇ.

ಆದರೆ ಅವತ್ತು ಆ ಹೊಗೆಯಲ್ಲಿ ನಿಂತು ಗೊತ್ತಾದ ಒಂದು ಸಂಗತಿಯನ್ನು ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿದ ಮೇಲೂ ಬಿಟ್ಟುಕೊಟ್ಟಿಲ್ಲ. ಮಲೆನಾಡಿನಲ್ಲಿ ನೆಲದ ಹೂಗಳು ಮೈತುಂಬ ಅರಳುವ ತಿಂಗಳುಗಳೇ ಕಾಗದ ಒಣಗದ ತಿಂಗಳುಗಳು. ಗಿಡಕ್ಕೆ ಹೆಸರಿಡುವ ವಿದ್ಯೆಯೋ ಪೂರ್ತಿ ಒಣ ಕಾಗದದ ಮೇಲೆ ನಿಂತದ್ದು. ನಮ್ಮ ಕಾಡುಹೂಗಳ ಶಾಸ್ತ್ರದ ಚರಿತ್ರೆಯನ್ನು ಹೆಸರಿಟ್ಟವರ ಚರಿತ್ರೆಯೆಂದು ಬರೆಯುತ್ತಾರೆ. ನನ್ನ ಕೇಳಿದರೆ ಅದು ಒಣಗಿಸಲು ಹೆಣಗಿದವರ ಚರಿತ್ರೆ.

ಸೋಣೆ ಹೂವನ್ನೇ ತೆಗೆದುಕೊಳ್ಳಿ. ಅಮ್ಮ ಘಟ್ಟದ ಕೆಳಗಿನವಳು, ಸೋಣ ತಿಂಗಳಲ್ಲಿ ಹೊಸ್ತಿಲಿಗೆ ಇದನ್ನಿಟ್ಟು ಪೂಜಿಸುತ್ತಿದ್ದಳು, ಅವಳಿಗೆ ಇದು ಸೋಣೆ. ಅಪ್ಪನ ಕಡೆಯವರಿಗೆ ಗೌರಿ ಹೂ. ಪೇಟೆಯ ಕುಂಡದಲ್ಲಿ ಬೆಳೆಸುವವರಿಗೆ ಕರ್ಣಕುಂಡಲ. ಲಿನೇಯಸ್ ಕುಲಕ್ಕಿಟ್ಟ ಹೆಸರು ಇಂಪೇಷಿಯನ್ಸ್, ತಾಳ್ಮೆಗೆಟ್ಟದ್ದು ಎಂದು ಅರ್ಥ. ಬಲಿತ ಕಾಯಿಯನ್ನು ಬೆರಳಲ್ಲಿ ಮುಟ್ಟಿದರೆ ಟಪ್ಪನೆ ಒಡೆದು ಸಿಪ್ಪೆ ಸುರುಳಿ ಸುತ್ತಿ ಬೀಜ ಸಿಡಿಯುತ್ತದೆ, ಅದಕ್ಕೆ. ದಂಟಿನ ತುಂಬ ನೀರು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಮಸುಕಾಗಿ ಕಾಣುತ್ತದೆ. ಹೂವಿನ ಪುಷ್ಪಪತ್ರಗಳಲ್ಲಿ ಒಂದು ಚೀಲದಂತೆ ಉಬ್ಬಿ ಹಿಂದಕ್ಕೆ ಬಾಲವಾಗಿ ಚಾಚಿಕೊಂಡಿರುತ್ತದೆ, ಜೇನು ಇರುವುದು ಆ ಬಾಲದ ತುದಿಯಲ್ಲಿ. ಪಕ್ಕದ ದಳಗಳು ಎರಡೆರಡು ಕೂಡಿ ಒಂದಾಗಿರುತ್ತವೆ. ಒಂದು ಜಾತಿಯನ್ನು ಇನ್ನೊಂದರಿಂದ ಬೇರೆ ಮಾಡುವ ಗುರುತೆಲ್ಲ ಈ ಚೀಲ, ಬಾಲ, ಕೂಡುದಳಗಳಲ್ಲೇ ಇರುವುದು. ಪ್ರೆಸ್ಸಿಗೆ ಹಾಕಿದಿರೋ, ಮೊದಲು ಹಾಳಾಗುವವೂ ಇವೇ. ದಂಟು ಕಪ್ಪಾಗುತ್ತದೆ, ಎಲೆ ಉದುರುತ್ತದೆ, ಹೂ ಈರುಳ್ಳಿ ಸಿಪ್ಪೆಯಂತೆ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ.

ಜೋಸೆಫ್ ಡಾಲ್ಟನ್ ಹೂಕರ್ ಇದಕ್ಕೆ ಸಿಕ್ಕಿಬಿದ್ದವರಲ್ಲಿ ಎಲ್ಲರಿಗಿಂತ ದೊಡ್ಡವ. 1872ರಿಂದ 1897ರವರೆಗೆ ಏಳು ಸಂಪುಟಗಳಲ್ಲಿ ಬ್ರಿಟಿಷ್ ಇಂಡಿಯಾದ ಸಸ್ಯಗಳನ್ನೆಲ್ಲ ವರ್ಣಿಸಿ ಮುಗಿಸಿದ ಮನುಷ್ಯ. ಕೊನೆಗಾಲವನ್ನೆಲ್ಲ ಅವನು ಸವೆಸಿದ್ದು ಸೋಣೆಯ ಕುಲದ ಮೇಲೆ. ಇಂಗ್ಲೆಂಡಿನಲ್ಲಿ ಕೂತು, ನಮ್ಮಂಥವರು ಕಳಿಸಿದ ಒಣ ಹಾಳೆಗಳಿಂದ ಹೂವನ್ನು ಬಿಡಿಸಿ, ನೀರಲ್ಲಿ ನೆನೆಸಿ, ಒಂದೊಂದೇ ಪದರ ಬಿಡಿಸಿ ನೋಡುವ ಕೆಲಸ. 1911ರಲ್ಲಿ 94ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಅದನ್ನು ಬಿಡಲಿಲ್ಲ. ನಾಲ್ಕು ಹನಿ ಬಿಸಿನೀರಿನಲ್ಲಿ ಒಂದು ಹೂ ಅರಳಿಸುವುದಕ್ಕೆ ನನಗೆ ಅರ್ಧ ಗಂಟೆ ಬೇಕು, ಅದೂ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ. ತೊಂಬತ್ತರ ಮುದುಕ ನೂರಾರು ಹೂಗಳನ್ನು ಹಾಗೆ ಬಿಡಿಸಿದ.

ಹೂಕರನಿಗಿಂತ ಮುಂಚೆ ನಮ್ಮ ಕಡೆ ಓಡಾಡಿದವರೂ ಇದ್ದರು. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕೆನರಾ ಸುತ್ತಿ ಮರುವರ್ಷ ಹಿಂತಿರುಗಿದ. ಊರೂರಿನ ಬೆಳೆ, ಜಾತಿ, ಕಂದಾಯ ಬರೆದುಕೊಂಡ, ಗಿಡವನ್ನೂ ಬಿಡಲಿಲ್ಲ. ಆದರೆ ಸೋಂದೆ, ಇಕ್ಕೇರಿ, ನಗರದ ಸೀಮೆಯನ್ನು ಅವನು ದಾಟಿದ್ದು 1801ರ ಬೇಸಿಗೆಯಲ್ಲಿ. ಕಾಗದ ಗರಿಗರಿಯಾಗಿ ಒಣಗಿರಬೇಕು, ಪುಣ್ಯವಂತ. ಸೋಣೆಯ ಕಾಲಕ್ಕೆ ಮಾತ್ರ ಇನ್ನೂ ನಾಲ್ಕು ತಿಂಗಳಿತ್ತು.

ಹ್ಯೂ ಕ್ಲೆಗಾರ್ನ್‌ನದು ಬೇರೆ ದಾರಿ. ಮದರಾಸಿನಲ್ಲೇ ಹುಟ್ಟಿದ ಸ್ಕಾಟ್ಲೆಂಡಿನವ, ಕಂಪನಿಯ ವೈದ್ಯ. ಶಿವಮೊಗ್ಗದಲ್ಲಿದ್ದ 1845ರಿಂದ 1847ರ ಅವಧಿಯಲ್ಲಿ ದಿನಕ್ಕೊಂದು ಗಿಡ ನೋಡುವ ವ್ರತ ಹಿಡಿದ. ನೋಡುವುದು ಇವನ ಕೆಲಸ, ಬರೆಯುವುದು ಒಬ್ಬ ಮರಾಠಿ ಚಿತ್ರಗಾರನ ಕೆಲಸ. ಕಿತ್ತ ಗಿಡ ಬಾಡುವುದರೊಳಗೆ ಬಣ್ಣ, ಬಾಲ, ಚೀಲ ಎಲ್ಲ ಕಾಗದಕ್ಕೆ ಇಳಿದುಬಿಟ್ಟರೆ ಒಣಗಿಸುವ ಗೋಳೇ ಅರ್ಧ ಕಡಿಮೆ. ಮುಂದೆ ಕ್ಲೆಗಾರ್ನ್ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಕನಾದ, ದಕ್ಷಿಣ ಭಾರತದ ಕಾಡು ತೋಟಗಳ ಮೇಲೆ 1861ರಲ್ಲಿ ಪುಸ್ತಕ ಬರೆದ. ಅವನ ಸಂಗ್ರಹದ ಚಿತ್ರಗಳು ಈಗ ಎಡಿನ್‌ಬರೊದ ಸಸ್ಯೋದ್ಯಾನದಲ್ಲಿವೆ. ಕ್ಲೆಗಾರ್ನಿಯ ಎಂಬ ಕುಲವೇ ಇದೆ. ಮರಾಠಿ ಚಿತ್ರಗಾರನ ಪಾಲಿಗೆ ಗಿಡವಿಲ್ಲ. ಹಾಗಂತ ಎಲ್ಲ ಚಿತ್ರಗಾರರಿಗೂ ಹೀಗೇ ಆಯಿತೆನ್ನಲಾರೆ: ಅದೇ ಕಾಲದ ರಾಬರ್ಟ್ ವೈಟ್ ತನ್ನ ಚಿತ್ರಗಾರ ಗೋವಿಂದುವಿನ ಹೆಸರನ್ನು ಒಂದು ಆರ್ಕಿಡ್ ಕುಲಕ್ಕೆ ಇಟ್ಟ. ಗೋವಿಂದೂಯ. ಆಮೇಲಿನವರು ಅದನ್ನು ಇನ್ನೊಂದು ಕುಲದೊಳಗೆ ಸೇರಿಸಿ ಹೆಸರನ್ನು ಮೂಲೆಗೆ ಸರಿಸಿದರು. ನಮ್ಮ ವಿದ್ಯೆಯಲ್ಲಿ ಇದೊಂದು ಕ್ರೂರ ನಿಯಮ, ದ್ವೇಷದಿಂದ ಯಾರೂ ಮಾಡುವುದಲ್ಲ.

ಈಗ ಹಾಸನಕ್ಕೆ ಬರುತ್ತೇನೆ. ನಾನು ಸಸ್ಯಶಾಸ್ತ್ರಕ್ಕೆ ಸೇರಿದ್ದು ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿದ ಅಮಲಿನಲ್ಲಿ. ನನ್ನ ಕಾಲದ ಕನ್ನಡದ ಹುಡುಗ ಹುಡುಗಿಯರು ಎಷ್ಟೋ ಮಂದಿ ಹಾಗೇ ಸೇರಿದವರು. ಸೇರಿದ ಮೇಲೆ ಲೈಬ್ರರಿಯಲ್ಲಿ ಸಿಕ್ಕಿದ್ದು ಸ್ವಾಮಿಯವರ ನಗೆಯ ಲವಲೇಶವೂ ಇಲ್ಲದ, 900ಕ್ಕೂ ಹೆಚ್ಚು ಪುಟದ ಒಂದು ಇಂಗ್ಲಿಷ್ ಗ್ರಂಥ: ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್, 1976. ಸಂಪಾದಕರು ಇಬ್ಬರು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಜೆಸ್ವಿಟ್ ಪಾದ್ರಿ ಸೆಸಿಲ್ ಸಲ್ಡಾನಾ ಮತ್ತು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಡ್ಯಾನ್ ನಿಕೋಲ್ಸನ್. ನಮ್ಮೂರಿನ ಗದ್ದೆ ಬದುವಿನ ಕಳೆಗೆ ಪುಸ್ತಕದಲ್ಲಿ ಪೂರ್ತಿ ಒಂದು ಪ್ಯಾರಾ ಜಾಗ ಸಿಕ್ಕಿದ್ದನ್ನು ನೋಡಿ ನನಗಾದ ಹೆಮ್ಮೆ, ರಾಜ್ಯೋತ್ಸವ ಪ್ರಶಸ್ತಿ ಬಂದರೂ ಆಗುತ್ತಿರಲಿಲ್ಲ.

ಸ್ಮಿತ್ಸೋನಿಯನ್ನಿಗೆ ಹಾಸನದಲ್ಲೇನು ಕೆಲಸ ಅನ್ನಬಹುದು. ಉತ್ತರ ಗೋಧಿಯಲ್ಲಿದೆ. ಅಮೆರಿಕದ ಪಿ.ಎಲ್. 480 ಕಾಯ್ದೆಯಡಿ ಬಂದ ಗೋಧಿಗೆ ಕ್ಯೂ ನಿಂತವರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಗೋಧಿಗೆ ಭಾರತ ಕೊಟ್ಟದ್ದು ರೂಪಾಯಿ, ಆ ರೂಪಾಯಿಯನ್ನು ಅಮೆರಿಕ ಇಲ್ಲೇ ಖರ್ಚು ಮಾಡಬೇಕಿತ್ತು. ಹಾಗೆ ಉಳಿದ ಹಣದಲ್ಲಿ ಒಂದು ಪಾಲು ಸ್ಮಿತ್ಸೋನಿಯನ್ ಮೂಲಕ ಇಂಥ ಸಂಶೋಧನೆಗಳಿಗೆ ಹರಿಯಿತು. ರೇಷನ್ನಿನ ಚಪಾತಿ ತಿಂದು ಬೆಳೆದವಳು ನಾನು. ನಾವು ತಿಂದ ಗೋಧಿಯ ದುಡ್ಡೇ ಬಿಸಿಲೆ ಘಾಟಿಯ ಜಿಗಣೆಗಳ ನಡುವೆ ಗಿಡ ಕೀಳುವವರ ಬಸ್ ಚಾರ್ಜು ಆಗಿತ್ತೆಂದು ತಿಳಿದಾಗ ನಗು ಬಂತು. (ಬಿಸಿಲೆ ಅಂತ ಹೆಸರಿಟ್ಟವರು ಯಾರೋ, ಮಳೆಗಾಲದಲ್ಲಿ ಅಲ್ಲಿ ಬಿಸಿಲು ಬಿಟ್ಟು ಬೇರೆಲ್ಲ ಸಿಗುತ್ತದೆ.)

ಹಾಸನ ಜಿಲ್ಲೆಯದು ವಿಚಿತ್ರ ಮೈಕಟ್ಟು. ಪೂರ್ವಕ್ಕೆ ಅರಸೀಕೆರೆ, ಚನ್ನರಾಯಪಟ್ಟಣ: ಜಾಲಿ, ತಂಗಡಿ, ಒಣಹುಲ್ಲು. ಬಸ್ಸಿನಲ್ಲಿ ಅರ್ಧ ದಿನ ಪಡುವಣಕ್ಕೆ ಹೋದರೆ ಸಕಲೇಶಪುರ, ಕೆಂಪುಹೊಳೆ, ಬಿಸಿಲೆ: ಮರದ ಮೈಯೆಲ್ಲ ಪಾಚಿ, ಪಾಚಿಯ ಮೇಲೆ ಸೀತಾಳೆ. ಒಂದೇ ಜಿಲ್ಲಾಧಿಕಾರಿಯ ಕೈಕೆಳಗೆ ಬಯಲುಸೀಮೆಯೂ ಘಟ್ಟವೂ ಇರುವ ಕಡೆ ಗಿಡ ಹುಡುಕುವವರಿಗೆ ಎರಡು ಲೋಕ ಸಿಗುತ್ತದೆ. ಕೆಲಸ ಮಾಡಿದ್ದು ಪಾದ್ರಿಯೊಬ್ಬರೇ ಅಲ್ಲ. ಪುಸ್ತಕದ ಕುಟುಂಬಗಳನ್ನು ಎಳೆಯರು ಹಂಚಿಕೊಂಡು ಬರೆದಿದ್ದಾರೆ. ಅವರಲ್ಲಿ ಟಿ.ಪಿ. ರಾಮಮೂರ್ತಿ ಮುಂದೆ ಮೆಕ್ಸಿಕೋದ ಜೀವವೈವಿಧ್ಯದ ದೊಡ್ಡ ಗ್ರಂಥದ ಸಂಪಾದಕರಲ್ಲೊಬ್ಬರಾದರು. ಕಂಚಿ ಗಾಂಧಿ ಹಾರ್ವರ್ಡಿನ ಹರ್ಬೇರಿಯಂ, ಅಂದರೆ ಒಣ ಗಿಡಗಳ ಭಂಡಾರ, ಸೇರಿ ಗಿಡದ ಹೆಸರುಗಳ ಕಾನೂನಿನಲ್ಲಿ ಪ್ರಪಂಚವೇ ಮಾತು ಕೇಳುವ ಪಂಡಿತರಾದರು. ಹಾಸನದ ಕೆಸರಿನಲ್ಲಿ ಕಾಲೂರಿದ ಹುಡುಗರು!

ನಿಕೋಲ್ಸನ್ ವಿಷಯ ಹೇಳಿದಾಗ ಅಮ್ಮ ಕಿವಿಗೊಟ್ಟದ್ದು ಒಂದೇ ಮಾತಿಗೆ. ಅವರ ವಿಶೇಷ ಪರಿಣತಿ ಕೆಸುವಿನ ಕುಟುಂಬದಲ್ಲಿ. “ಕೆಸು ಕಲಿಯೋಕೆ ಅಮೆರಿಕದಿಂದ ಬರಬೇಕಾ? ನನ್ನ ಕೇಳಿದ್ರೆ ಹೇಳ್ತಿದ್ದೆ” ಅಂದಳು. ನಿಜಕ್ಕೂ ಹೇಳುತ್ತಿದ್ದಳು. ಗದ್ದೆಯಂಚಿನ ಕರಿಗೆಸು, ಬಿಳಿಗೆಸು ಅಂತ ಅವಳು ಬೇರೆ ಬೇರೆ ಮಾಡುವುದನ್ನು ನಮ್ಮ ಶಾಸ್ತ್ರ ಒಂದೇ ಜಾತಿ ಎಂದು ಮುಗಿಸುತ್ತದೆ. ಮಳೆಗಾಲದಲ್ಲಿ ಮರದ ಕವಲಿನಲ್ಲಿ ಹುಟ್ಟುವ ಮರಗೆಸುವನ್ನು ಮಾತ್ರ ಅವಳೂ ಬೇರೆ ಎನ್ನುತ್ತಾಳೆ, ಶಾಸ್ತ್ರವೂ ಬೇರೆ ಕುಲದಲ್ಲಿಡುತ್ತದೆ, ರೆಮುಸೇಷಿಯ ಎಂದು. ಅವಳ ಪರೀಕ್ಷೆ ನಾಲಗೆಯ ತುರಿಕೆ, ಪತ್ರೊಡೆಯ ರುಚಿ. ಅದೇ ಅಮ್ಮನಿಗೆ ಒಂದು ಡಜನ್ ಜಾತಿಯ ಸೋಣೆ ತಂದು ಸುರಿದರೆ ಎಲ್ಲ ಸೋಣೆಯೇ. ತಿನ್ನುವುದನ್ನು ಸೂಕ್ಷ್ಮವಾಗಿ ಸೀಳುತ್ತಾಳೆ, ದೇವರಿಗಿಡುವುದನ್ನು ಒಟ್ಟಿಗೆ ಸೇರಿಸುತ್ತಾಳೆ. ದೇವರಿಗೆ ಬಾಲದ ಉದ್ದ ಮುಖ್ಯವಲ್ಲವಲ್ಲ.

ಸಲ್ಡಾನಾ ಆಮೇಲೆ ಇಡೀ ರಾಜ್ಯಕ್ಕೆ ಕೈ ಹಾಕಿದರು. ಫ್ಲೋರಾ ಆಫ್ ಕರ್ನಾಟಕದ ಮೊದಲ ಸಂಪುಟ 1984ರಲ್ಲಿ, ಎರಡನೆಯದು 1996ರಲ್ಲಿ. ನಡುವೆ ಹನ್ನೆರಡು ವರ್ಷ. ಈ ಅಂತರ ನೋಡಿ ಸೋಮಾರಿತನ ಅನ್ನುವವರು ಒಂದೇ ಒಂದು ಹಾಳೆ ಮಾಡಿ ನೋಡಬೇಕು. ಗಿಡವನ್ನು ಪಾದರಸದ ಲವಣದ ವಿಷದಲ್ಲಿ ಅದ್ದಬೇಕು, ಇಲ್ಲದಿದ್ದರೆ ಹುಳ ತಿನ್ನುತ್ತದೆ. ದಪ್ಪ ರಟ್ಟಿಗೆ ಅಂಟಿಸಬೇಕು, ಕಡ್ಡಿ ದಪ್ಪವಿದ್ದರೆ ಸೂಜಿಯಲ್ಲಿ ಹೊಲಿಯಬೇಕು. ಚೀಟಿಯಲ್ಲಿ ಊರು, ತಾರೀಖು, ಕಿತ್ತವರ ಹೆಸರು, ನಂಬರು, ಸ್ಥಳೀಯ ಹೆಸರು. ಆಮೇಲೆ ಗಿಡದ ಗುರುತು ಹೇಳುವ ಪ್ರಶ್ನೆಗಳ ಕೀಲಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು: ಎಲೆ ಎದುರುಬದುರೋ ಒಂದಾದ ಮೇಲೊಂದೋ, ಬಾಲ ಗಿಡ್ಡವೋ ಉದ್ದವೋ. ಒಂದು ಮೆಟ್ಟಿಲು ತಪ್ಪಿದರೆ ಬೇರೆಯವರ ಮನೆಯ ಬಾಗಿಲು ತಟ್ಟಿದಂತೆ.

ಸಲ್ಡಾನಾ ಅವರ ಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿದೆ. ಪ್ರಪಂಚದ ಹರ್ಬೇರಿಯಂಗಳಿಗೆಲ್ಲ ಒಂದೊಂದು ಸಂಕೇತಾಕ್ಷರ ಇರುತ್ತದೆ, ಇದರದ್ದು ಜೆಸಿಬಿ. ನಮ್ಮ ಕಡೆ ಜೆಸಿಬಿ ಅಂದರೆ ಯಾವುದು ಅಂತ ಹೇಳಬೇಕಿಲ್ಲ. ರಸ್ತೆ ಅಗಲ ಮಾಡುವ ಹಳದಿ ಯಂತ್ರ ಧರೆ ಕೆರೆದು ಸೋಣೆಯ ಜಾಗವನ್ನೆಲ್ಲ ಸಾಪು ಮಾಡಿದ ವರ್ಷ, “ಜೆಸಿಬಿಯಲ್ಲಿ ನಮ್ಮ ಹೂ ಇದೆ” ಎಂದರೆ ತಮ್ಮನಿಗೆ ಅರ್ಥವೇ ಆಗಲಿಲ್ಲ.

ಒಣ ಹಾಳೆ ಎಷ್ಟು ಕಾಲ ಕಾಯಬಲ್ಲದು ಎಂಬುದಕ್ಕೆ ಜೋಗದ ಹುಲ್ಲಿನ ಕತೆ ಇದೆ. 1919ರಲ್ಲಿ ಸೆಜ್ವಿಕ್ ಮತ್ತು ಬೆಲ್ ಎಂಬಿಬ್ಬರು ಅಧಿಕಾರಿಗಳು ಗೇರುಸೊಪ್ಪೆ ಜಲಪಾತದ ತುಂತುರು ಬೀಳುವ ಬಂಡೆಯಿಂದ ಒಂದು ಎಳೆಯ ಹುಲ್ಲನ್ನು ಕಿತ್ತರು. ನೀರಿನ ಹೊಗೆಯಲ್ಲೇ ಬದುಕುವ ಆ ಹುಲ್ಲು ಒಣ ಕಾಗದದೊಳಗೆ ಮೂವತ್ತೊಂದು ವರ್ಷ ಹೆಸರಿಲ್ಲದೆ ಮಲಗಿತ್ತು. 1950ರಲ್ಲಿ ಬೋರ್ ಎಂಬವರು ಅದಕ್ಕೆ ಹೊಸ ಕುಲವನ್ನೇ ಮಾಡಿ ಹಬ್ಬಾರ್ಡಿಯ ಹೆಪ್ಟಾನ್ಯೂರಾನ್ ಎಂದು ಹೆಸರಿಟ್ಟರು. 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿಯಿತು, ತುಂತುರು ವರ್ಷದ ಬಹುಪಾಲು ನಿಂತಿತು. ಜೋಗದಲ್ಲಿ ಹುಡುಕಿದವರಿಗೆ ಹುಲ್ಲು ಮತ್ತೆ ಸಿಗದೆ, ಅಳಿದುಹೋಯಿತೆಂದೇ ಬರೆದರು. ಈ ಶತಮಾನದ ಮೊದಲ ವರ್ಷಗಳಲ್ಲಿ ಕೊಲ್ಹಾಪುರದ ಎಸ್.ಆರ್. ಯಾದವ್ ಅವರ ತಂಡಕ್ಕೆ ಅದು ಮಹಾರಾಷ್ಟ್ರದ ತಿಲ್ಲಾರಿ ಘಾಟಿಯಲ್ಲಿ ಸಿಕ್ಕಿತು. ಇದು ಅದೇ ಎಂದು ಗುರುತು ಹೇಳಿಕೊಟ್ಟದ್ದು 1919ರ ಒಣ ಕಡ್ಡಿ.

ಕಳೆದ ಮಳೆಗಾಲ ನನ್ನ ಹಳೆಯ ಆರು ಹಾಳೆಗಳನ್ನು ಹೊರತೆಗೆದೆ. ಒಂದರಲ್ಲಿ ಗದ್ದೆ ಬದುವಿನ ಸಣ್ಣೆಲೆಯ ಸೋಣೆ, ಎಲೆ ಎದುರುಬದುರು. ಚೀಟಿಯಲ್ಲಿ 1981ರ ನನ್ನ ದುಂಡು ಅಕ್ಷರ: ಇಂಪೇಷಿಯನ್ಸ್ ಆಪೊಸಿಟಿಫೋಲಿಯ. ಬಾಲ ಗಿಡ್ಡ ಅಂತ ಆಗ ಬರೆದುಕೊಂಡಿದ್ದೆ. ಯಾಕೋ ಅನುಮಾನ ಬಂದು ಒಂದು ಹೂವನ್ನು ಗಾಜಿನ ಬಟ್ಟಲಿನಲ್ಲಿ ಬಿಸಿನೀರು, ಒಂದು ಹನಿ ಸೋಪಿನ ಜೊತೆ ನೆನೆಹಾಕಿದೆ. ಕಂದು ಸಿಪ್ಪೆ ಮೆಲ್ಲಗೆ ಉಬ್ಬಿತು. ಸೂಜಿಯಲ್ಲಿ ಕೂಡುದಳವನ್ನು ಪಕ್ಕಕ್ಕೆ ಸರಿಸಿದರೆ ಅದರ ಕೆಳಗೆ ಮಡಚಿಕೊಂಡಿದ್ದ ಬಾಲ ಬಿಚ್ಚಿಕೊಂಡಿತು, ದಾರದಷ್ಟು ಸಣ್ಣ, ಉದ್ದ, ತುದಿ ಬಾಗಿದ್ದು. ಆಪೊಸಿಟಿಫೋಲಿಯ ಅಲ್ಲ, ಚೈನೆನ್ಸಿಸ್. ನಲವತ್ತಕ್ಕೂ ಹೆಚ್ಚು ವರ್ಷ ತಪ್ಪು ಹೆಸರಿನಲ್ಲಿ ಮಲಗಿತ್ತು.

ಹರ್ಬೇರಿಯಂನಲ್ಲಿ ಹಳೆಯ ಚೀಟಿಯನ್ನು ಕೀಳುವಂತಿಲ್ಲ, ತಪ್ಪಿದ್ದರೂ. ಅದರ ಮೇಲ್ಗಡೆ ಹೊಸ ಹೆಸರು, ತಾರೀಖು, ನನ್ನ ರುಜು ಹಾಕಿದ ಪುಟ್ಟ ಚೀಟಿ ಅಂಟಿಸಿದೆ. ಸ್ಥಳೀಯ ಹೆಸರು ಎಂಬ ಸಾಲಿಗೆ ಕೈ ಹಾಕಲಿಲ್ಲ. ಹೊರಗೆ ಆಶ್ಲೇಷ ಮಳೆ, ಗೋಂದು ಒಣಗಲು ಮೂರು ದಿನ ಹಿಡಿಯಿತು.